ಅಕ್ಕನಿಗೆ ರೋಬೋಟ್, ನನಗೆ ಬರಿಗೈ

ಅಕ್ಕನಿಗೆ ರೋಬೋಟ್‌ನಲ್ಲಿ ಆಪರೇಷನ್, ನನಗೆ ಡಾಕ್ಟರ ಕೈಯಿಂದಲೇ ಆಗುವ ಮಾಮೂಲಿ ಲ್ಯಾಪರೋಸ್ಕೋಪಿ ಎಂದು ಡಾಕ್ಟರು ಹೇಳಿದ ದಿನ, ಆಸ್ಪತ್ರೆಯಿಂದ ಚೆನ್ನೈಯ ತ್ರಿಪ್ಲಿಕೇನಿನ ನಮ್ಮ ಮನೆ ಮುಟ್ಟುವವರೆಗೆ ನಾನು ರಸ್ತೆ ಕಡೆಗೇ ಮುಖ ತಿರುಗಿಸಿ ಕೂತಿದ್ದೆ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಆಟೋದಲ್ಲಿ ಪಕ್ಕದಲ್ಲೇ ಕೂತಿದ್ದರು. ನಾವಿಬ್ಬರು ಹತ್ತಿದರೆ ಮೂರನೆಯವರಿಗೆ ಜಾಗವಿರುತ್ತಿರಲಿಲ್ಲ, ಗಂಡಂದಿರು ಹಿಂದೆ ಬೇರೆ ಆಟೋ ಮಾಡಿಕೊಂಡು ಬರುತ್ತಿದ್ದರು.

ನಮ್ಮದು ಉಡುಪಿ ಕಡೆಯಿಂದ ಬಂದ ಹೋಟೆಲಿನ ಮನೆತನ. ಕೆಳಗೆ ಹೋಟೆಲು, ಮೇಲೆ ಮನೆ. ಈ ಆಪರೇಷನ್ನಿಗೆ ಎಂಟು ಹತ್ತು ವರ್ಷ ಮೊದಲೇ ನಾವಿಬ್ಬರೂ ಒಟ್ಟಿಗೆ ಹೋಗಿ, ತೂಕ ಇಳಿಯಲಿ ಎಂದು ಹೊಟ್ಟೆಯೊಳಗೆ ಜಠರದ ಮೇಲ್ಭಾಗಕ್ಕೆ ಬಿಗಿಯಾಗಿ ಪಟ್ಟಿ ಹಾಕಿಸಿಕೊಂಡಿದ್ದೆವು. ಕೆಲವು ವಾರ ಬರೀ ನೀರಾದ ಆಹಾರ, ಆಮೇಲೂ ಆದಷ್ಟು ಹಾಗೇ ಇರಲಿ ಎಂದಿದ್ದರು. ಹೋಟೆಲಿನವರಿಗೆ ಅದೇನು ಕಷ್ಟ? ಪಾಯಸವೂ ನೀರಾದದ್ದೇ. ಬಾದಾಮಿ ಹಾಲೂ ನೀರಾದದ್ದೇ. ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಅಕ್ಕ ಕೆಳಗಿನಿಂದ ಪಾಯಸ ತರಿಸಿ, ಎರಡು ಲೋಟಕ್ಕೆ ಸಮನಾಗಿ ಹೊಯ್ಯುವರು. ಕದ್ದು ಕುಡಿದದ್ದಲ್ಲ, ಎಲ್ಲರೆದುರೇ ಕುಡಿದದ್ದು. ಪಥ್ಯದವರಿಗೆ ಶಕ್ತಿ ಬೇಕು ಎಂದು ಅತ್ತೆಯವರೇ ಮೇಲೊಂದು ಚಮಚ ತುಪ್ಪ ಬಿಡುತ್ತಿದ್ದರು. ಇಳಿದ ತೂಕವೆಲ್ಲ ಇಬ್ಬರಿಗೂ ವಾಪಸು ಬಂತು. ಜೊತೆಗೊಬ್ಬರು ಇದ್ದದ್ದರಿಂದ ನನಗೆ ಅದು ಅಷ್ಟೇನೂ ಬೇಸರವಾಗಲಿಲ್ಲ.

ಎಂಟು ಹತ್ತು ವರ್ಷ ಕಳೆಯುವ ಹೊತ್ತಿಗೆ ಮಂಡಿ ಕೈಕೊಟ್ಟಿತು, ಶುಗರ್ ಬಂತು. ಪಟ್ಟಿ ತೆಗೆದು ಹೊಟ್ಟೆಯನ್ನೇ ಕತ್ತರಿಸಿ ಸಣ್ಣದು ಮಾಡಬೇಕು ಎಂದರು. ಅಕ್ಕನಿಗೆ ಹಳೆ ಪಟ್ಟಿಯ ಸುತ್ತ ಮಾಂಸವೆಲ್ಲ ಲಿವರಿನವರೆಗೂ ಅಂಟಿಕೊಂಡ ಹಾಗಿದೆಯಂತೆ. ಅಂಥ ಇಕ್ಕಟ್ಟಿನಲ್ಲಿ ರೋಬೋಟ್‌ನ ಕೈ ಬೇಕಾದ ಕಡೆ ತಿರುಗುತ್ತದಂತೆ. ನನ್ನದು ಸುಲಭವಂತೆ.

"ಯಾವುದರಲ್ಲಿ ಹೆಚ್ಚು ಸಪೂರ ಆಗೋದು ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟೆ.

ಡಾಕ್ಟರು ನಕ್ಕರು. ಎರಡರಲ್ಲೂ ಕತ್ತರಿಸುವವರು ತಾವೇ, ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ, ಆಚೆ ಕೂತು ತಾವೇ ಅದನ್ನು ನಡೆಸಬೇಕು, ಹೊತ್ತು ಹಿಡಿಯುತ್ತದೆ, ಖರ್ಚೂ ಜಾಸ್ತಿ, ತೂಕ ಇಳಿಯುವುದರಲ್ಲಿ ಅಂಥ ವ್ಯತ್ಯಾಸವಿಲ್ಲ ಎಂದರು. ಯಾರು ನಂಬುತ್ತಾರೆ? ವ್ಯತ್ಯಾಸವಿಲ್ಲದಿದ್ದರೆ ಹೆಚ್ಚಿನದು ಅವರಿಗೇ ಯಾಕೆ?

"ನಿಂದು ಸುಲಭ ಅಂದ್ರಲ್ಲ, ಒಳ್ಳೇದೇ ಅಲ್ವಾ ಮಾರಾಯ್ತಿ?" ಎಂದರು ಮನೆಗೆ ಬಂದ ಮೇಲೆ ನನ್ನ ಗಂಡ.

"ಹೌದು, ನಾನು ಎಲ್ಲರಿಗೂ ಸುಲಭಕ್ಕೆ ಸಿಕ್ಕಿದವಳೇ" ಎಂದೆ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಉರಿ ಇನ್ನೂ ಹೆಚ್ಚಿತು. ಎಗ್ಮೋರಿನ ನೆಂಟರು, ಗಿಂಡಿಯ ನೆಂಟರು ಎಲ್ಲ ಹಣ್ಣು ಹಿಡಿದು ಸೀದಾ ಅಕ್ಕನ ಕೋಣೆಗೆ. ರೋಬೋಟ್ ಎಷ್ಟು ದೊಡ್ಡದು, ಎಷ್ಟು ಕೈ, ಮುಟ್ಟಿದರೆ ತಣ್ಣಗಿರುತ್ತದಾ? ಪ್ರಜ್ಞೆಯಿಲ್ಲದೆ ಮಲಗಿದ್ದ ಈ ಮಹಾತಾಯಿ ಕಣ್ಣಾರೆ ನೋಡಿದ ಹಾಗೆ ವರ್ಣಿಸುವರು. ನನ್ನ ಹೊಟ್ಟೆಯಲ್ಲೂ ಅಷ್ಟೇ ತೂತುಗಳಿದ್ದವು, ಕೇಳುವವರಿರಲಿಲ್ಲ. ನನ್ನ ಮಗಳು ತಮಿಳಿನಲ್ಲೇ ಮಾತಾಡುವವಳು. "ಪೆರಿಯಮ್ಮಾಕ್ಕು ರೋಬೋ, ಉನಕ್ಕು ವೆರುಂ ಕೈದಾನಾಮ್ಮಾ?" ಎಂದಳು. ದೊಡ್ಡಮ್ಮನಿಗೆ ರೋಬೋಟ್, ನಿನಗೆ ಬರಿಗೈಯೇನಾ ಅಂತ. ಹೆತ್ತ ಮಗಳು.

ಅವತ್ತೇ ನಿಶ್ಚಯಿಸಿದೆ, ಬರಿಗೈಯ ತಾಕತ್ತು ತೋರಿಸುತ್ತೇನೆ ಎಂದು. ಈ ಸಲ ಆಸ್ಪತ್ರೆಯವರು ಸಿಹಿ ನೀರಾಗಿದ್ದರೂ ಸಿಹಿಯೇ ಎಂದು ಬಿಡಿಸಿ ಹೇಳಿದ್ದರು. ನಾನು ಬೇಳೆಕಟ್ಟು, ಮಜ್ಜಿಗೆ ಬಿಟ್ಟು ಬೇರೆ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತು ಅಕ್ಕನ ಕೋಣೆಯ ಕಡೆ ತಲೆಹಾಕುವುದನ್ನೂ ಬಿಟ್ಟೆ. ಶುಕ್ರವಾರಗಳಂದು ಮಾತ್ರ ಇಬ್ಬರೂ ಕೆಳಗೆ ಉಗ್ರಾಣಕ್ಕೆ ಹೋಗಿ, ಅಕ್ಕಿ ಮೂಟೆ ತೂಗುವ ತಕ್ಕಡಿಯ ಮೇಲೆ ಒಬ್ಬರಾದ ಮೇಲೊಬ್ಬರು ನಿಲ್ಲುತ್ತಿದ್ದೆವು. ಮೊದಮೊದಲು ಇಬ್ಬರೂ ಸಮಸಮ ಇಳಿದೆವು. ಆಮೇಲೆ ನನ್ನದು ಇಳಿಯುತ್ತಲೇ ಹೋಯಿತು, ಅಕ್ಕನದು ನಿಂತಿತು, ಕೊನೆಗೆ ಸ್ವಲ್ಪ ಏರಿತು ಕೂಡ.

"ರೋಬೋಟಿಂದು ಅಲ್ವಾ, ನಿಧಾನಕ್ಕೆ ಇಳೀತದೆ" ಎಂದರು ಅಕ್ಕ.

"ಇಳೀಬಹುದು ಅಕ್ಕ" ಎಂದೆ. ಸುಳ್ಳು ಯಾಕೆ ಹೇಳಲಿ, ಹಾಲು ಕುಡಿದಷ್ಟು ಸಂತೋಷವಾಗಿತ್ತು. ಮದುವೆಮನೆಗಳಲ್ಲಿ ಜನ ನನ್ನನ್ನು ನೋಡಿ, ರೋಬೋಟ್‌ನಲ್ಲಿ ಮಾಡಿಸಿಕೊಂಡದ್ದು ನೀವೇ ಅಲ್ವಾ ಎಂದು ಕೇಳತೊಡಗಿದರು. ಅಲ್ಲ, ಅದು ಅಕ್ಕನಿಗೆ ಎಂದು ಅಕ್ಕನ ಎದುರಿಗೇ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ದರ್ಜಿ ಚಿಕ್ಕದು ಮಾಡಿಕೊಟ್ಟ ರವಿಕೆ ತೊಟ್ಟು, ತೋರಿಸಿ ಬರೋಣ ಎಂದೇ ಅವರ ಕೋಣೆಗೆ ಹೋದೆ. ಅಕ್ಕ ನೆಲದ ಮೇಲೆ ಕೂತಿದ್ದರು. ಎದುರಿಗೆ ಎರಡು ಲೋಟ, ಎರಡರಲ್ಲೂ ಶ್ಯಾವಿಗೆ ಪಾಯಸ.

"ಬಂದ್ಯಾ? ಕೂತ್ಕೋ" ಎಂದು ಒಂದು ಲೋಟವನ್ನು ನನ್ನ ಕಡೆ ತಳ್ಳಿದರು.

"ಇದು ಯಾರಿಗೆ ಅಕ್ಕ?"

"ನಿಂಗೇ. ದಿನಾ ತರಿಸ್ತೇನೆ. ಇವತ್ತು ಬರ್ತಿ, ನಾಳೆ ಬರ್ತಿ ಅಂತ. ನೀನು ಬರುದಿಲ್ಲ, ಚೆಲ್ಲಲಿಕ್ಕೆ ಮನಸ್ಸು ಬರುದಿಲ್ಲ, ನಾನೇ ಕುಡೀತೇನೆ."

ಅವರ ತೂಕ ಯಾಕೆ ನಿಂತಿತೆಂದು ನನಗೆ ಆಗ ತಿಳಿಯಿತು. ರವಿಕೆಯ ಮಾತು ಎತ್ತಲಾಗಲಿಲ್ಲ. "ನಂಗೆ ಬೇಡ ಅಕ್ಕ" ಎಂದೆ.

ಅಕ್ಕ ಒತ್ತಾಯ ಮಾಡಲಿಲ್ಲ. ತಮ್ಮ ಲೋಟ ಎತ್ತಿ, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಕುಡಿದರು. ಬಾಯಿಗೆ ಸಿಕ್ಕಿದ ದ್ರಾಕ್ಷಿಯನ್ನು ಎಷ್ಟು ಹೊತ್ತು ಅಗಿದರು! ರೋಬೋಟ್ ಅವರ ಪಾಲಿಗೆ ಹೋದಾಗಲೂ ನನಗೆ ಅಷ್ಟು ಹೊಟ್ಟೆ ಉರಿದಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ, ಇನ್ನೊಂದು ಸಲ ಕರೆಯಲಿ ಎಂದು.

ಅವರು ನನ್ನ ಲೋಟವನ್ನೂ ಎತ್ತಿಕೊಂಡು ಕುಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಾಳೆಯಿಂದ ನಿಂಗೆ ತರಿಸುದಿಲ್ಲ, ಆಯ್ತಾ?" ಎಂದರು.