ನಿಂಗಮ್ಮನ ಆರಾಮ ಕುರ್ಚಿ

ಶಿರಂಗಾಲದ ನಿಂಗಮ್ಮನಿಗೆ ಮುಟ್ಟು ನಿಂತಾಗ ಇನ್ನೂ ನಲವತ್ತು ತುಂಬಿರಲಿಲ್ಲ. ಪ್ರತಿ ತಿಂಗಳೂ ಜಗಲಿಯಲ್ಲಿ ಹೊರಗೆ ಕೂರುತ್ತಿದ್ದವಳು ಕೂರದೇ ಹೋದಾಗ, ಓರಗಿತ್ತಿ ವನಜಮ್ಮ ಬಯಕೆಗೆಂದು ಗುಟ್ಟಾಗಿ ಒಂದು ಮಡಿಲು ಮಾವಿನಕಾಯಿ ತಂದುಕೊಟ್ಟಳು. ನಿಂಗಮ್ಮ ಉಪ್ಪಿನಕಾಯಿ ಹಾಕಿದಳು. ಉಪ್ಪಿನಕಾಯಿ ಮುಗಿಯಿತು, ಹೊಟ್ಟೆ ಇದ್ದ ಹಾಗೇ ಇತ್ತು.

ಕೆಲವು ವರ್ಷ ಕಳೆದು ಹೊಳೆಯ ಮೆಟ್ಟಿಲಲ್ಲಿ ಕಾಲು ಜಾರಿ ಕೈ ಊರಿದಳು, ಅಷ್ಟೇ. ಬಲಗೈ ಮಣಿಕಟ್ಟು ಒಣಕಡ್ಡಿಯ ಹಾಗೆ ಲಟಕ್ಕೆಂದಿತು. ನೋವಿಗಿಂತ ಆ ಸದ್ದು ಅವಳನ್ನು ಹೆದರಿಸಿತು. ಅವಳ ಅವ್ವನಿಗೂ ಹೀಗೇ ಬೇಗ ನಿಂತಿತ್ತು, ಹೀಗೇ ಕೈ ಮುರಿದಿತ್ತು. ಮನೆಯವರು ಪ್ರೀತಿಯಿಂದ ಅವ್ವನನ್ನು ಮೂಲೆಯಲ್ಲಿ ಕೂರಿಸಿದರು. ಕೂತವಳು ವರ್ಷದಿಂದ ವರ್ಷಕ್ಕೆ ಬಾಗುತ್ತ ಹೋಗಿ, ಒಂದು ದಿನ ಚಾಪೆಯಿಂದ ಏಳುವಾಗ ಸೊಂಟ ಮುರಿದುಕೊಂಡಳು. ಮತ್ತೆ ಏಳಲಿಲ್ಲ.

ಫ್ರೇಸರ್‌ಪೇಟೆಯ ಡಾಕ್ಟರು ಕೈಗೆ ಕಟ್ಟು ಹಾಕಿ, ಕೇಳಬೇಕಾದ್ದನ್ನೆಲ್ಲ ಕೇಳಿ ಹೇಳಿದರು: "ಬೇಗ ನಿಂತುಹೋದ್ರೆ ಮೂಳೆ ಒಳಗೊಳಗೇ ಸವೆಯುತ್ತೆ ಕಣಮ್ಮ. ಅದಕ್ಕೆ ಕೊಡೋಕೆ ನನ್ನ ಹತ್ರ ಔಷಧಿ ಇಲ್ಲ. ರಾಗಿ, ಹಾಲು, ಸೊಪ್ಪು ತಿನ್ನು, ಬಿಸಿಲಲ್ಲಿರು. ಕೈ ಕೂಡಿದ ಮೇಲೆ ಚೆನ್ನಾಗಿ ನಡಿ, ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತು. ಆದ್ರೆ ಬೀಳ್ಬೇಡ."

ಜೊತೆಗೆ ಹೋಗಿದ್ದವರು ಗಂಡನ ಅಣ್ಣ ತಿಮ್ಮಯ್ಯನವರು. ಅಷ್ಟುದ್ದದ ಮಾತಿನಲ್ಲಿ ಅವರ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಮಡಿಕೇರಿಯ ಯಾವುದೋ ಸಭೆಯಲ್ಲಿ ಒಮ್ಮೆ ಮುಂದಿನ ಸಾಲಿನಲ್ಲಿ ಕೂತು ಬಂದಾಗಿನಿಂದ, ಕೊಡಗು ರಾಜ್ಯದ ಅರ್ಧ ಭಾರ ತಮ್ಮ ಹೆಗಲ ಮೇಲೇ ಇದೆಯೆಂಬಂತೆ ಅವರು ನಡೆಯುತ್ತಿದ್ದರು. ಬೇರೆ ಯಾವ ಭಾರವನ್ನೂ ಹೊರುತ್ತಿರಲಿಲ್ಲ.

ಊರಿಗೆ ಬಂದವರೇ ಅಪ್ಪಣೆ ಕೊಡಿಸಿದರು: "ನಿಂಗಮ್ಮ ಇನ್ಮೇಲೆ ಕೂತಿರ್ಬೇಕು. ಗದ್ದೆಗೆ ಇಳಿಯಂಗಿಲ್ಲ. ಬರೋ ನಾಟಿಗೆ ಮೊದಲ ಕಟ್ಟು ವನಜ ನೆಡ್ತಾಳೆ."

ಆ ಮನೆತನದಲ್ಲಿ ನಾಟಿಯ ದಿನ ಮೊದಲ ಕಟ್ಟು ಪೈರನ್ನು ಸೊಸೆಯರಲ್ಲಿ ಒಬ್ಬಳೇ ನೆಡುವುದು ಪದ್ಧತಿ. ಹಿರಿಸೊಸೆ ವನಜಮ್ಮನಿಗೆ ಜಿಗಣೆ ಕಂಡರೆ ಜೀವ ಹೋಗುವುದರಿಂದ ಅತ್ತೆ ಅದನ್ನು ನಿಂಗಮ್ಮನಿಗೆ ಒಪ್ಪಿಸಿಹೋಗಿದ್ದಳು. ಆ ಹಕ್ಕು ಒಮ್ಮೆ ಕೈ ಬದಲಾದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಇವತ್ತು ಗದ್ದೆ ಬಿಟ್ಟರೆ ನಾಳೆ ಜಗಲಿ, ಆಮೇಲೆ ಮೂಲೆ, ಆಮೇಲೆ ಚಾಪೆ. ಆ ದಾರಿ ನಿಂಗಮ್ಮನಿಗೆ ಕೊನೆಯವರೆಗೂ ಗೊತ್ತಿತ್ತು.

ತಿಮ್ಮಯ್ಯನವರು ಅಪ್ಪಣೆಗೇ ನಿಲ್ಲಿಸಲಿಲ್ಲ. ಎಸ್ಟೇಟು ಮಾರಿ ಸೀಮೆಗೆ ಹೊರಟ ಬಿಳಿಯ ದೊರೆಯೊಬ್ಬನ ಸಾಮಾನು ಹರಾಜಿನಲ್ಲಿ, ಉದ್ದ ಕೈಗಳ ಬೆತ್ತದ ಆರಾಮ ಕುರ್ಚಿಯೊಂದನ್ನು ಹಿಡಿದು ಗಾಡಿಯಲ್ಲಿ ತಂದು ತಮ್ಮನ ಮನೆಯ ಜಗಲಿಗೆ ಇಳಿಸಿದರು.

"ದೊರೆ ಕೂತಿದ್ದ ಕುರ್ಚಿ ಕಣವ್ವ! ಹಿಂಗೆ ಒರಗಿದ್ರೆ ಮೂಳೆಗೆ ಒಂಚೂರೂ ನೋವಾಗಕಿಲ್ಲ."

ಊರೇ ಬಂದು ಕುರ್ಚಿ ನೋಡಿಕೊಂಡು ಹೋಯಿತು. ನಿಂಗಮ್ಮ ಒಂದು ಸಲ ಕೂತಳು. ಕೂತವಳು ಒಳಗೆ ಒಳಗೆ ಇಳಿದೇ ಹೋದಳು. ಎಬ್ಬಿಸಲು ಇಬ್ಬರು ಬೇಕಾಯಿತು.

"ಅಣ್ಣ ಬೇಜಾರು ಮಾಡ್ಕೊತಾನೆ, ಒಸಿ ಕೂತ್ಕೊಳೆ" ಎಂದು ಗಂಡ ಪುಟ್ಟಸ್ವಾಮಿ ಅಂಗಲಾಚಿದ.

"ಕೂತ್ಕೊಂಡೇ ನಮ್ಮವ್ವ ಹೋದ್ಲು. ನಾನು ಕೂರಾಕಿಲ್ಲ. ಆದ್ರೆ ಕುರ್ಚಿ ಇರ್ಲಿ, ನಂಗೆ ಬೇಕು."

ಕೈ ಕೂಡಿದ ಮೇಲೆ ಕುರ್ಚಿಯ ನಿಜವಾದ ಉಪಯೋಗ ಶುರುವಾಯಿತು. ಬೆಳಿಗ್ಗೆ ಅದನ್ನು ಅಂಗಳದ ಬಿಸಿಲಿಗೆ ತರುವುದು, ಸಂಜೆ ಒಳಗೆ ಸೇರಿಸುವುದು. ಮೊದಮೊದಲು ಎಳೆದಳು. ಆಮೇಲೆ ಮುಂದಿನ ಕಾಲನ್ನಷ್ಟೇ ಎತ್ತಿದಳು. ಚಳಿ ಕಳೆಯುವ ಹೊತ್ತಿಗೆ ಕುರ್ಚಿ ಸೊಂಟಕ್ಕೆ ಬಂತು, ಬೇಸಿಗೆಯಲ್ಲಿ ಬಟ್ಟೆ ಸುತ್ತಿದ ಸಿಂಬಿಯ ಮೇಲೆ ಕೂತು ತಲೆಗೇರಿತು. ಬೆತ್ತದ ಮೇಲೆ ದೊರೆಯ ಬದಲು ಎಳ್ಳು ಒಣಗುತ್ತಿತ್ತು. ಆ ಎಳ್ಳಿನ ಉಂಡೆ, ರಾಗಿ ಮುದ್ದೆ, ನುಗ್ಗೆಸೊಪ್ಪಿನ ಸಾರು, ಗಂಡನ ಪಾಲಿನದನ್ನೂ ಕಸಿದುಕೊಂಡ ಮಜ್ಜಿಗೆ. ಸಂಜೆ ಗದ್ದೆಯ ಬದುವಿನ ಮೇಲೆ ಬೆರಳೂರಿ ನಡೆಯುವುದನ್ನು ಮಗುವಿನ ಹಾಗೆ ಹೊಸದಾಗಿ ಕಲಿತಳು. ಒಳಗೆ ಮೂಳೆ ಗಟ್ಟಿಯಾಯಿತೋ ಇಲ್ಲವೋ, ಇಣುಕಿ ನೋಡುವ ಉಪಾಯವಿರಲಿಲ್ಲ. ಕಾಲಿಗೆ ನೆಲ ಸಿಕ್ಕಿದ್ದಂತೂ ಗೊತ್ತಾಗುತ್ತಿತ್ತು.

ಬೀದಿಯಲ್ಲಿ ಹೋಗುವಾಗಲೆಲ್ಲ ತಿಮ್ಮಯ್ಯನವರಿಗೆ ಬಿಸಿಲಲ್ಲಿ ಕುರ್ಚಿ ಕಾಣುತ್ತಿತ್ತು, ಪಕ್ಕದಲ್ಲಿ ನಿಂಗಮ್ಮ. ಹೆಂಡತಿಗೆ ಹೇಳಿದರು: "ನೋಡ್ದ್ಯಾ ವನಜ, ಕುರ್ಚಿ ಬಂದ್ಮೇಲೆ ಅವಳ ಮುಖಕ್ಕೆ ಎಂಥಾ ಕಳೆ ಬಂದೈತೆ!"

ನಾಟಿಯ ದಿನ ತಿಮ್ಮಯ್ಯನವರು ಹೊಸ ಅಂಗಿ ತೊಟ್ಟು ಬದುವಿನ ಮೇಲೆ ನಿಂತರು. ನಿಂತು ನೋಡುವುದು ತಮ್ಮ ಅಂತಸ್ತಿಗೆ ಸಾಲದು ಅನ್ನಿಸಿತು. "ಲೋ ಕಾಳ, ಮಾದ! ಆ ಕುರ್ಚಿ ತನ್ರೋ!"

"ಎತ್ತು ಬಿಟ್ಟು ಬರಾಕಾಯ್ತದಾ ಗೌಡ್ರೇ?" ಎಂದ ಕೆಸರಿನಲ್ಲಿದ್ದ ಆಳು ಕಾಳ.

ಆಗ ಮನೆಯ ಕಡೆಯಿಂದ ಕುರ್ಚಿಯೇ ನಡೆದು ಬಂತು. ಕೆಳಗೆ ನಿಂಗಮ್ಮ. ಒದ್ದೆ ಬದುವಿಗೆ ಹೆಬ್ಬೆರಳು ಊರಿ, ಅವಸರವಿಲ್ಲದೆ, ಕತ್ತು ನೆಟ್ಟಗೆ.

"ಅಯ್ಯೋ, ಬೀಳ್ತೀಯ! ಬೀಳ್ತೀಯ!" ಎನ್ನುತ್ತ ತಿಮ್ಮಯ್ಯನವರು ಹಿಂದೆ ಸರಿದರು. ಸರಿದ ಕಾಲು ಮೊಣಕಾಲವರೆಗೆ ಕೆಸರಿಗೆ ಇಳಿಯಿತು.

ನಿಂಗಮ್ಮ ಕುರ್ಚಿ ಇಳಿಸಿದಳು. "ಕೂತ್ಕೊಳಿ ಭಾವ. ಡಾಕ್ಟ್ರು ಬೀಳ್ಬೇಡ ಅಂದವ್ರೆ, ನೆಡ್ಬೇಡ ಅಂದಿಲ್ಲ."

ಹಾವು ಹಿಡಿದವಳಂತೆ ಪೈರಿನ ಕಟ್ಟು ಹಿಡಿದು ನಿಂತಿದ್ದ ವನಜಮ್ಮ ಅದನ್ನು ಓರಗಿತ್ತಿಯ ಕೈಗೆ ತುರುಕಿದಳು. "ತಗೊಳೆ ತಾಯಿ, ನಂಗೆ ಆಗ್ಲೇ ಜಿಗಣೆ ಹತ್ತೈತೆ!"

"ಇನ್ನೂ ಗದ್ದೆಗೇ ಇಳ್ದಿಲ್ವಲ್ಲಕ್ಕ."

"ಇಳಿಯೋ ಮುಂಚೇನೇ ಹತ್ತೈತೆ, ಏನೀಗ?"

ಹೆಂಗಸರು ನಕ್ಕರು. ನಿಂಗಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದಳು. ಬಲಗೈ ಮಣಿಕಟ್ಟು ಪೂರ್ತಿ ಮಡಚುತ್ತಿರಲಿಲ್ಲ, ಎಡಗೈಯಲ್ಲಿ ನೆಟ್ಟಳು.

"ಸಾಲು ಸೊಟ್ಟ ಆಗ್ತೈತೆ" ಎಂದರು ಕುರ್ಚಿಯಲ್ಲಿ ಮುಳುಗಿದ್ದ ತಿಮ್ಮಯ್ಯನವರು.

"ಪೈರಿಗೆ ಅದು ಗೊತ್ತಾಗಕಿಲ್ಲ ಭಾವ."

ಕಟ್ಟು ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ.

ಸಂಜೆ ತಿಮ್ಮಯ್ಯನವರನ್ನು ಎಬ್ಬಿಸಲು ಪುಟ್ಟಸ್ವಾಮಿ ಒಂದು ಕೈ, ಕಾಳ ಒಂದು ಕೈ ಹಿಡಿದು ಎಳೆಯಬೇಕಾಯಿತು. ಕುರ್ಚಿ ಖಾಲಿಯಾದದ್ದೇ ನಿಂಗಮ್ಮ ಸಿಂಬಿ ಸುತ್ತಿಕೊಂಡಳು.