ದುಂಡು ಮೇಜಿಗೆ ತಲೆ ಎಲ್ಲಿ?

ಎಂ.ಎಸ್ಸಿ.ಯಲ್ಲಿ ನಾನು ಫೇಲಾದದ್ದು ಒಂದೇ ಪತ್ರಿಕೆ, ಕಾಂಬಿನಟೋರಿಕ್ಸ್. ಒಂದೊಂದನ್ನೇ ಎಣಿಸದೆ ಒಟ್ಟು ಎಷ್ಟೆಂದು ಹೇಳುವ ವಿದ್ಯೆ. ಎರಡು ಅಂಕ ಸಾಲಲಿಲ್ಲ. ಅದೊಂದು ಪಾಸಾದರೆ ಕೊಳ್ಳೇಗಾಲದಲ್ಲಿ ಮೇಷ್ಟರ ಕೆಲಸ ಕಾದಿತ್ತು.

ಕೈಕೊಟ್ಟ ಪ್ರಶ್ನೆ ಇದು: ಎಂಟು ಜನ ದುಂಡು ಮೇಜಿನ ಸುತ್ತ ಎಷ್ಟು ಬಗೆಯಲ್ಲಿ ಕೂರಬಹುದು? ನಲವತ್ತು ಸಾವಿರದ ಮುನ್ನೂರ ಇಪ್ಪತ್ತು ಎಂದು ಬರೆದಿದ್ದೆ. ಪುಸ್ತಕದ ಉತ್ತರ ಐದು ಸಾವಿರದ ನಲವತ್ತು. ಎಲ್ಲರೂ ಒಂದೊಂದು ಜಾಗ ಸರಿದರೆ ಅಕ್ಕಪಕ್ಕದವರು ಬದಲಾಗುವುದಿಲ್ಲ, ಆದ್ದರಿಂದ ಅದು ಬೇರೆ ಬಗೆಯಲ್ಲ ಎಂಬುದು ಅದರ ವಾದ.

ಹನೂರಿನ ಹತ್ತಿರದ ನಮ್ಮೂರ ಚಾವಡಿಯಲ್ಲೂ ಎಂಟು ಹಿರಿಯರು ಸುತ್ತ ಕೂರುತ್ತಾರೆ. ಪೂರ್ವಕ್ಕೆ ಮುಖ ಮಾಡಿದ ಜಾಗ ನಮ್ಮಪ್ಪನದು, ಮೊದಲ ಮಾತೂ ಅವರದು. ಅಲ್ಲಿ ಎಲ್ಲರೂ ಒಂದೊಂದು ಜಾಗ ಸರಿದರೆ ಆ ಸಂಜೆ ಮಾತೇ ಹೊರಡುವುದಿಲ್ಲ. ಬಸ್ಸು ಹತ್ತಿ ಮೈಸೂರಿಗೆ ಹೋಗಿ ಇದನ್ನೇ ಅಧ್ಯಾಪಕರಿಗೆ ಹೇಳಿದೆ.

"ದುಂಡು ಮೇಜಿಗೆ ತಲೆ ಎಲ್ಲಿದೆಯಪ್ಪಾ? ಎಲ್ಲ ಜಾಗವೂ ಒಂದೇ" ಎಂದರು.

"ತಲೆ ಇಲ್ಲ ಅಂತ ಪ್ರಶ್ನೇಲೆಲ್ಲಿದೆ ಸಾರ್? ಕೋಣೆಗೆ ಬಾಗಿಲಿರುತ್ತೆ, ಕಿಟಕಿ ಇರುತ್ತೆ. ಬಾಗಿಲ ಕಡೆ ಬೆನ್ನು ಹಾಕಿ ಕೂತವನೂ ಮುಖ ಮಾಡಿ ಕೂತವನೂ ಒಂದೇನಾ?"

ಅವರು ಪುಸ್ತಕ ಮುಚ್ಚಿಟ್ಟರು. "ನೀನು ಹೇಳೋದು ಸರೀನೇ. ಅಂಕ ಮಾತ್ರ ಕೊಡೋಕಾಗಲ್ಲ. ಊಟ ಆಯ್ತಾ?"

ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಕಪ್ಪು ಗೆದ್ದವನು ನಾನು. ಗೆದ್ದ ಮೇಲೆ ಇಷ್ಟು ಸುಸ್ತಾದದ್ದು ಅದೇ ಮೊದಲು.

ಆರು ತಿಂಗಳ ಮೇಲೆ ಮತ್ತೆ ಪರೀಕ್ಷೆ. ಈ ಸಲ ಆರು ಜನ, ಅದೇ ದುಂಡು ಮೇಜು. ಪೆನ್ನು ಹಿಡಿದು ಕೂತಾಗ ನನ್ನ ವಾದದ ಒಂದೊಂದು ಮಾತೂ ಬಾಯಿಗೆ ಬಂತು. ಯಾರಿಗೆ ಹೇಳುವುದು? ನೂರ ಇಪ್ಪತ್ತು ಎಂದು ಬರೆದೆ.

ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಊರು ಸೇರುವಾಗ ಸಂಜೆ. ಚಾವಡಿಯಲ್ಲಿ ಏಳು ಜನ ಕೂತಿದ್ದರು. ಅಪ್ಪ ಇನ್ನೂ ಹೊಲದಿಂದ ಬಂದಿರಲಿಲ್ಲ. ಅವರ ಜಾಗ ಹಾಗೇ ಖಾಲಿ ಇತ್ತು.

"ಎಂಗ್ ಬರ್ದೆಲಾ?" ಎಂದರು ದೊಡ್ಡಪ್ಪ.

"ಅವ್ರು ಕೇಳ್ದಂಗೆ ಬರ್ದೆ."

"ಅಂಗಾರೆ ಪಾಸು ಬುಡು. ನಿಂತೇ ಇದ್ದಿಯಲ್ಲ, ಕೂತ್ಕೊ."

ಕಾಲು ಸೋತಿತ್ತು. ಖಾಲಿ ಜಾಗ ಅದೊಂದೇ. ಕಂಬಕ್ಕೆ ಒರಗಿ ನಿಂತೇ ಇದ್ದೆ.