ಹೊಲಿಗೆ ಟೀಚರು ಕಾದಿದ್ದ ಸಿನಿಮಾ

ಕಲೆ ಮನುಷ್ಯನನ್ನು ಉದ್ಧಾರ ಮಾಡುತ್ತದೆ ಎಂದು ತಿಳಿದವರು ಹೇಳುತ್ತಾರೆ. ಮಾಡುತ್ತಿರಬಹುದು. ಎಪ್ಪತ್ತರ ದಶಕದ ಹೊಳಲ್ಕೆರೆಯಲ್ಲಿ ಅದು ಆ ಕೆಲಸವನ್ನು ಟೆಂಟಿನಲ್ಲಿ ಕೂತು, ನಡುನಡುವೆ ರೀಲು ಕಡಿದುಕೊಂಡು, ಮಳೆಗಾಲದಲ್ಲಿ ರಜೆ ತೆಗೆದುಕೊಂಡು ಮಾಡುತ್ತಿತ್ತು.

ಮೊನ್ನೆ ಮೊಮ್ಮಗಳು ಶಾಲೆಗೆ ಏನೋ ಮಾದರಿ ಮಾಡಬೇಕೆಂದು ಒಲೆಯ ಮೇಲೆ ಮೈದಾ ಅಂಟು ಕುದಿಸುತ್ತಿದ್ದಳು. ಹಿಟ್ಟು ಬೆಂದು, ಇನ್ನೇನು ತಳ ಹತ್ತಬೇಕು ಎನ್ನುವಾಗಿನ ಆ ವಾಸನೆ... ಓದುತ್ತಿದ್ದ ಪೇಪರನ್ನು ಮಡಿಸಿಟ್ಟೆ. ಹೊಳಲ್ಕೆರೆಯ ನಮ್ಮ ಹಳೆಯ ಮನೆಯ ಬೀದಿಗೋಡೆ ಕಣ್ಣ ಮುಂದೆ ಬಂತು. ಗೋಡೆಯ ಜೊತೆಗೇ, ಅದರೆದುರು ಬಗ್ಗಿ ನಿಂತ ಹೊಲಿಗೆ ಟೀಚರೂ ಬಂದರು.

ನಾನಾಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಸರ್ಕಾರ ನನ್ನನ್ನು ಗುರುತಿಸದಿದ್ದರೂ ಊರು ಗುರುತಿಸಿತ್ತು, ಗೋಡೆಯ ದೆಸೆಯಿಂದ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಗೆ ಮುಖ ಮಾಡಿದ್ದ ಆ ಗೋಡೆಗೆ ಟೂರಿಂಗ್ ಟಾಕೀಸಿನವರು ಪೋಸ್ಟರ್ ಹಚ್ಚುತ್ತಿದ್ದರು. ಅದಕ್ಕೆ ಬದಲಾಗಿ ಮನೆಯವರಿಗೆಲ್ಲ ಪಾಸು. ಗೋಡೆ ದುಡಿಯುತ್ತಿತ್ತು, ನಾವು ಸಿನಿಮಾ ನೋಡುತ್ತಿದ್ದೆವು.

ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದವರು ಹೆಣ್ಣುಮಕ್ಕಳ ಶಾಲೆಯ ಹೊಲಿಗೆ ಟೀಚರು. ಮೂವತ್ತು ದಾಟಿತ್ತು. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡಿದ್ದರು. ಶಾಲೆ ಮುಗಿದ ಮೇಲೆ ಊರಿನ ಹೆಂಗಸರಿಗೆ ರವಿಕೆ ಹೊಲಿದುಕೊಡುತ್ತಿದ್ದರು. ಮದುವೆ ಸೀಸನ್ನು ಬಂತೆಂದರೆ ಅವರ ಮಿಷನ್ನಿನ ಸದ್ದು ನಿಲ್ಲುತ್ತಲೇ ಇರಲಿಲ್ಲ. ಹೊಲಿಸಿಕೊಂಡವರು ರವಿಕೆಯನ್ನು ಹೊಗಳಿ ತೆಗೆದುಕೊಂಡು ಹೋಗುತ್ತಿದ್ದರು. ಮದುವೆಗೆ ಮಾತ್ರ ಕರೆಯುತ್ತಿರಲಿಲ್ಲ. ವಿಧವೆಯ ಕೈಯ ಹೊಲಿಗೆ ಶುಭ, ಮುಖ ಅಶುಭ. ಊರು ಈ ಲೆಕ್ಕವನ್ನು ಯಾವ ಕಸಿವಿಸಿಯೂ ಇಲ್ಲದೆ ನಡೆಸಿಕೊಂಡು ಬಂದಿತ್ತು.

ಹೊಸ ಪೋಸ್ಟರ್ ಬಿದ್ದ ಬೆಳಿಗ್ಗೆ ಊರಿನವರು ಅದನ್ನು ಮೇಲಿನಿಂದ ನೋಡುತ್ತಿದ್ದರು: ಮೊದಲು ಹೀರೊ, ಆಮೇಲೆ ಹೀರೊಯಿನ್ನು, ಆಮೇಲೆ ವಿಲನ್ನಿನ ಮೀಸೆ. ಟೀಚರು ಕೆಳಗಿನಿಂದ. ಸೆರಗು ಸೊಂಟಕ್ಕೆ ಸಿಗಿಸಿ, ಬಗ್ಗಿ, ಅಂಟಿನಲ್ಲಿ ಮುದುಡಿದ ಕೊನೆಯ ಸಾಲನ್ನು ಬೆರಳಲ್ಲಿ ಬಿಡಿಸಿ ಓದುವರು. ನಿರ್ದೇಶಕರ ಹೆಸರು ಇರುತ್ತಿದ್ದದ್ದು ಅಲ್ಲಿ.

"ಗುಂಡಿ ನೋಡಿ ಯಾರಾದ್ರೂ ಅಂಗಿ ತಗಳ್ತಾರಾ?" ಎನ್ನುತ್ತಿದ್ದರು ನನ್ನ ಹೆಂಡತಿಗೆ. "ಹೊಲಿದೋರು ಯಾರು ಅಂತ ನೋಡ್ಬೇಕಕ್ಕ."

ಅವರು ಕಾಯುತ್ತಿದ್ದ ನಿರ್ದೇಶಕರು ಇಬ್ಬರೋ ಮೂವರೋ. ಸಿನಿಮಾ ವಾರಪತ್ರಿಕೆಯಲ್ಲಿ ಅವರ ಮುಂದಿನ ಚಿತ್ರದ ಬಗ್ಗೆ ನಾಲ್ಕು ಸಾಲು ಬಂದರೆ ಸಾಕು, ಟೀಚರಿಗೆ ಆರು ತಿಂಗಳಿಗೆ ಆಗುವಷ್ಟು ಸಾಮಗ್ರಿ. ಕಾಜ ಹಾಕುತ್ತಾ ನನ್ನ ಹೆಂಡತಿಯೊಂದಿಗೆ ಇಡೀ ಸಿನಿಮಾವನ್ನು ಮಾತಿನಲ್ಲೇ ತೆಗೆದು ಮುಗಿಸುವರು. ಬೆಂಗಳೂರಿನಲ್ಲಿ ಬಿಡುಗಡೆಯಾದದ್ದು ದಾವಣಗೆರೆ ಮುಗಿಸಿ, ಜಿಲ್ಲಾಕೇಂದ್ರ ದುರ್ಗದಲ್ಲಿ ದಣಿವಾರಿಸಿಕೊಂಡು ನಮ್ಮ ಟೆಂಟಿಗೆ ಬರುವಷ್ಟರಲ್ಲಿ ಬೆಂಗಳೂರಿನವರು ಅದನ್ನು ಮರೆತಿರುತ್ತಿದ್ದರು. ಅದರಿಂದ ನಮಗೇನೂ ನಷ್ಟವಿರಲಿಲ್ಲ. ಕಾಯುವ ಸುಖದಲ್ಲಿ ನಾವು ಅವರಿಗಿಂತ ಶ್ರೀಮಂತರು.

ಆ ವರ್ಷ ಕಾಯುತ್ತಿದ್ದದ್ದು ಹೆಣ್ಣಿನ ಕಷ್ಟ ಬಲ್ಲವರೆಂದು ಹೆಸರಾದ ಒಬ್ಬರ ಚಿತ್ರಕ್ಕೆ. ಚಿಕ್ಕ ವಯಸ್ಸಿನ ವಿಧವೆ, ಅವಳನ್ನು ಮದುವೆಯಾಗುತ್ತೇನೆಂದು ಬರುವ ಒಬ್ಬ ಸಜ್ಜನ, ಅವಳು ಏನು ಹೇಳುತ್ತಾಳೆ ಎನ್ನುವುದೇ ಕಥೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಟೀಚರು ಈ ಸಿನಿಮಾವನ್ನು ಮಾತ್ರ ಬಾಯಿಬಿಟ್ಟು ಊಹಿಸಲಿಲ್ಲ. ಸುಮ್ಮನೆ ಕಾಯುತ್ತಿದ್ದರು.

ಕಾರಣ, ದನದ ಆಸ್ಪತ್ರೆಯ ಕಂಪೌಂಡರು.

ರಾಮಗಿರಿ ಕಡೆಯ ಹಟ್ಟಿಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿ ಕುರಿಗಳಿಗೆ ಇಂಜೆಕ್ಷನ್ ಹಾಕುತ್ತಿದ್ದ ಈ ಮನುಷ್ಯ ಹೆಂಡತಿಯನ್ನು ಕಳೆದುಕೊಂಡು ಒಂಟಿಯಾಗಿದ್ದರು. ಒಂದು ಬೇಸಿಗೆಯಲ್ಲಿ ಟೀಚರ ಹತ್ತಿರ ದಿಂಬಿನ ಗವಸು ಹೊಲಿಸಿದರು. ಮತ್ತೆ ಹೊಲಿಸಿದರು. ಒಂಟಿ ಮನುಷ್ಯನ ಒಂದೇ ತಲೆಗೆ ಇಷ್ಟೊಂದು ದಿಂಬು ಯಾಕೆ ಎಂದು ಬೀದಿಗೆ ಬೀದಿಯೇ ಯೋಚಿಸುವ ಹೊತ್ತಿಗೆ, ಒಂದು ಸಂಜೆ ನಮ್ಮ ಜಗುಲಿಗೆ ಬಂದು ನನ್ನ ಹೆಂಡತಿಗೆ ಹೇಳಿದರು.

"ಅಮ್ಮಾರೇ, ಒಂದು ಮಾತೈತೆ. ಟೀಚರ ಕಿವಿಗೆ ಹಾಕ್ಬೇಕಿತ್ತು."

"ನೀವೇ ಹಾಕ್ರಿ. ಕುರಿ ಬಾಯಿಗೆ ಔಷಧಿ ಹಾಕೋರಿಗೆ ಟೀಚರ ಕಿವಿಗೆ ಒಂದು ಮಾತು ಹಾಕೋದು ಕಷ್ಟವಾ?"

"ಕುರಿ ಉತ್ತರ ಕೊಡಲ್ಲ ತಾಯಿ."

ಮಾತು ಕಿವಿಗೆ ಬಿತ್ತು. ಹೊಸದುರ್ಗದಲ್ಲಿದ್ದ ಟೀಚರ ಅಣ್ಣನಿಗೂ ಹೇಗೋ ತಲುಪಿತು. ಆತ ಬಂದು, ಮನೆತನದ ಮಾನವನ್ನು ಕುರಿತು ನಮ್ಮ ಮನೆಯ ಕಾಫಿ ಕುಡಿಯುತ್ತಾ ಭಾಷಣ ಮಾಡಿ ಹೋದ. ಟೀಚರು ಹೂ ಅನ್ನಲಿಲ್ಲ, ಊಹೂ ಅನ್ನಲಿಲ್ಲ. ಕೊನೆಗೆ ನನ್ನ ಹೆಂಡತಿ ಒತ್ತಾಯ ಮಾಡಿದಾಗ, "ಆ ಸಿನಿಮಾ ಬರ್ಲಿ ಅಕ್ಕ. ನೋಡಿ ಹೇಳ್ತೀನಿ" ಅಂದರು.

ಇಷ್ಟು ಹೇಳಿ ಮಿಷನ್ನು ತುಳಿಯತೊಡಗಿದರು. ಒಬ್ಬ ಮನುಷ್ಯನ ಭವಿಷ್ಯವನ್ನು ರೀಲಿನ ಡಬ್ಬದೊಳಗೆ ಹಾಕಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಿನಿಮಾ ದುರ್ಗಕ್ಕೆ ಬಂತು. "ಭಾನುವಾರ ಬಸ್ಸಿಗೆ ಹೋಗಿ ನೋಡ್ಕಂಡು ಬರಾಣ ಬಾರಮ್ಮ, ಪಾಪ ಆ ಮನುಷ್ಯ ಒಣಗ್ತಾವ್ರೆ" ಎಂದು ನನ್ನ ಹೆಂಡತಿ ಕರೆದಳು. "ಬ್ಯಾಡಕ್ಕ. ಇಲ್ಲಿಗೇ ಬರ್ಲಿ. ನಮ್ಮೂರೋರ ಜೊತೆ ಕುಂತು ನೋಡ್ಬೇಕು" ಅಂದರು ಟೀಚರು.

ಕಂಪೌಂಡರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಯಾರಿಗೂ ಹೇಳದೆ ಹೋಗಿ ನೋಡಿಕೊಂಡು ಬಂದರು. ಮಾರನೆಯ ದಿನ ನನ್ನ ಕಚೇರಿಯ ಮೇಜಿನ ಮುಂದೆ ನಿಂತಾಗ ಮುಖ ಸುಣ್ಣದ ಗೋಡೆಯಂತಾಗಿತ್ತು.

"ಕೆಟ್ಟೆ ಸ್ವಾಮಿ. ಹೊಳೆಗೆ ಬೀಳ್ತಾಳೆ."

"ಯಾರ್ರೀ?"

"ಆಯಮ್ಮ. ಕೊನೇ ರೀಲಲ್ಲಿ. ಆ ಗಂಡಸು ಒಳ್ಳೇನು, ಸರ್ಕಾರಿ ಕೆಲಸ ಐತೆ, ಬೀಡಿ ಸುತಾ ಸೇದಲ್ಲ. ಆದ್ರೂ ಬೀಳ್ತಾಳೆ."

"ದುರ್ಗದ ಜನ ಏನಂದ್ರು?"

"ಏನಂತಾರೆ? ಪ್ಯಾಟೆ ಜನ. ಕರ್ಚೀಫಲ್ಲಿ ಮೂಗು ಒರೆಸ್ಕಂಡು ಎದ್ದೋದ್ರು." ಸ್ವಲ್ಪ ಬಾಗಿ, ದನಿ ತಗ್ಗಿಸಿದರು. "ಸ್ವಾಮಿ, ನಿಮ್ಮ ಗೋಡೆಗೆ ಆ ಪೋಸ್ಟರ್ ಒಂದು ಹಚ್ಚಿಸ್ಬ್ಯಾಡ್ರಿ."

ಗೋಡೆಗೆ ಹಚ್ಚದಿದ್ದರೆ ಸಿನಿಮಾ ಬರುವುದಿಲ್ಲವೆಂಬ ಅವರ ನಂಬಿಕೆಯನ್ನು ನಾನು ತಿದ್ದಲಿಲ್ಲ. ಅವರೇ ಟೆಂಟಿನ ಸಾಹುಕಾರನ ಹತ್ತಿರ ಹೋಗಿ, ಈ ವಾರ ದೇವರ ಸಿನಿಮಾ ಹಾಕಿದರೆ ಊರಿಗೆ ಕ್ಷೇಮ ಎಂದು ಸೂಚಿಸಿದರಂತೆ. "ಕಂಪೌಂಡರೇ, ಹೆಂಗಸ್ರು ಯುಗಾದಿಯಿಂದ ಕಾಯ್ತಾವ್ರೆ" ಎಂದ ಸಾಹುಕಾರ. "ನಿಮ್ಮೊಬ್ರ ಭಕ್ತಿಗೆ ನಾನು ಟೆಂಟು ಕಿತ್ಕಂಡು ಹೋಗ್ಲಾ? ಡಬ್ಬ ಆಗ್ಲೇ ಬಸ್ ಹತ್ತೈತೆ."

ಮೊದಲ ಆಟಕ್ಕೇ ನೆಲ ಕಾಣದಷ್ಟು ಜನ. ಟೆಂಟಿನಲ್ಲಿ ಹೆಂಗಸರ ಕಡೆ ಬೇರೆ, ನಡುವೆ ಒಂದು ಅಡ್ಡಪರದೆ. ಟೀಚರು ನನ್ನ ಹೆಂಡತಿಯ ಪಕ್ಕ, ಅವರ ಹಿಂದೆ ಬೆಲ್ಲದಂಗಡಿಯ ಅಮ್ಮ. ಟೀಚರ ಕೈಯಲ್ಲಿ ವರ್ಷಕ್ಕೊಂದು ಡಜನ್ ರವಿಕೆ ಹೊಲಿಸಿ, ಅವರಿಗೆ ಒಂದು ಸಲವೂ ಕುಂಕುಮ ಕೊಡದಿದ್ದ ಮಹಾತಾಯಿ. ಈಚೆಗೆ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕಂಪೌಂಡರು, ತಲೆ ತಗ್ಗಿಸಿಕೊಂಡು, ಬಲ್ಲ ಭವಿಷ್ಯವನ್ನು ಎರಡನೆಯ ಸಲ ನೋಡಲು ಇಷ್ಟವಿಲ್ಲದವರಂತೆ ಕೂತಿದ್ದರು.

ಆ ದೃಶ್ಯ ಬಂತು. ಬಾಗಿಲಲ್ಲಿ ನಿಂತ ಆ ಸಜ್ಜನ ಕೇಳಬೇಕಾದ್ದನ್ನು ಕೇಳಿದ. ಅವಳು ಬಾಗಿಲಿಗೆ ಒರಗಿ ನಿಂತಳು. ಮಾತಿಲ್ಲ, ಸಂಗೀತವಿಲ್ಲ. ಟೆಂಟಿನಲ್ಲಿ ಕಡಲೆಕಾಯಿ ಸಿಪ್ಪೆಯ ಸದ್ದೂ ನಿಂತಿತು... ನಿರ್ದೇಶಕರು ಆ ಮೌನವನ್ನು ತುಸು ಹೆಚ್ಚೇ ಎಳೆದಿದ್ದರು. ಹೆಂಗಸರ ಕಡೆಯಿಂದ ಒಂದು ದನಿ ಅದನ್ನು ಸೀಳಿತು.

"ಹೂ ಅನ್ನೇ ನಮ್ಮವ್ವಾ! ಯಾರೇನಂತಾರೆ?"

ಬೆಲ್ಲದಂಗಡಿಯ ಅಮ್ಮ.

"ಅನ್ನೋರ ಬಾಯಿಗೆ ಮಣ್ಣಾಕು!" ಎಂದಿತು ಇನ್ನೊಂದು ದನಿ. "ಎಷ್ಟು ವರ್ಷ ಒಬ್ಳೇ ಇರ್ತೀಯೇ, ಹೂ ಅನ್ನು!" ಆಮೇಲೆ ಯಾರು ಏನಂದರೋ ತಿಳಿಯದಷ್ಟು ಗದ್ದಲ. ಪರದೆಯ ಮೇಲಿನವಳಿಗೆ ಇದು ಕೇಳಿಸುವಂತಿರಲಿಲ್ಲ. ಅವಳು ತನ್ನ ಪಾಡಿಗೆ ಹೊಳೆಯ ಕಡೆ ನಡೆದಳು. ಹೆಂಗಸರು ಅತ್ತರು, ಅತ್ತು ಮುಗಿಸಿ ನಿರ್ದೇಶಕರ ಕೈ ಸೇದಿಹೋಗಲಿ ಎಂದು ಶಪಿಸಿದರು. ಟೀಚರು ಅಳಲಿಲ್ಲವಂತೆ. ಗದ್ದಲ ಶುರುವಾದಾಗಿನಿಂದ ಪರದೆಗೆ ಬೆನ್ನು ಹಾಕಿ, ತಿರುಗಿ ಕೂತು ಆ ಹೆಂಗಸರ ಮುಖಗಳನ್ನೇ ನೋಡುತ್ತಿದ್ದರೆಂದು ನನ್ನ ಹೆಂಡತಿ ಆಮೇಲೆ ಹೇಳಿದಳು.

ಗೇಟಿನ ಹತ್ತಿರ ಜನ ಚದುರುವ ಮೊದಲೇ ಟೀಚರು ನೇರ ನಮ್ಮ ಕಡೆ ಬಂದರು. ಕಂಪೌಂಡರು ನನ್ನ ಹಿಂದೆ ಸರಿಯಲು ನೋಡಿದರು.

"ಕಂಪೌಂಡರೇ, ಕೊನೆ ಹೊಲಿಗೆ ಅವ್ರಿಗೆ ಸರಿಯಾಗಿ ಬರ್ಲಿಲ್ಲ. ನಾನು ಹೂ ಅಂದಿದೀನಿ. ನಾಳೆ ಮನೆಗೆ ಬರ್ರಿ."

"ಏನದು ಟೀಚರೇ?" ಎಂದರು ಬೆಲ್ಲದಂಗಡಿಯ ಅಮ್ಮ, ಸೆರಗಿನಲ್ಲಿ ಇನ್ನೂ ಕಣ್ಣೊರೆಸುತ್ತಾ. "ಏನಕ್ಕೆ ಹೂ ಅಂದಿದ್ದು?"

"ನೀವೇ ಹೇಳಿದ್ರಲ್ಲಮ್ಮ, ಹೂ ಅನ್ನು ಅಂತ. ಇಡೀ ಟೆಂಟಿಗೆ ಕೇಳೈತೆ."

ಆ ಅಮ್ಮ ಬಾಯಿ ತೆರೆದರು. ಕಣ್ಣೀರಿನ್ನೂ ಆರದ ಮುಖದಲ್ಲಿ ಬೇಕಾದ ಬೈಗುಳ ಬೇಗ ಸಿಕ್ಕಲಿಲ್ಲ. ಸುತ್ತ ನಿಂತ ಹೆಂಗಸರೂ ತಮ್ಮ ತಮ್ಮ ಕಣ್ಣೀರಿಗೆ ಸಿಕ್ಕಿಬಿದ್ದವರಂತೆ ಸೆರಗು ಸರಿಮಾಡಿಕೊಳ್ಳತೊಡಗಿದರು. ಕಂಪೌಂಡರು, ಸಂದರ್ಭದ ಗಾಂಭೀರ್ಯಕ್ಕೆ ತಕ್ಕ ಮಾತು ಹುಡುಕಿ, ಕೊನೆಗೆ "ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದರು.

ದುರ್ಗಕ್ಕೆ ಹೋಗದೆ, ಇಲ್ಲಿಗೇ ಬರಲಿ ಎಂದು ಟೀಚರು ಹಟ ಹಿಡಿದದ್ದು ಯಾಕೆ? ಟೆಂಟಿನ ಹೆಂಗಸರು ಪರದೆಯೊಂದಿಗೆ ಮಾತಾಡುತ್ತಾರೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವರಿಗೆ ಬೇಕಾದದ್ದು ನಿರ್ದೇಶಕರ ತೀರ್ಪೋ ಊರಿನ ತೀರ್ಪೋ... ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಎದುರು ಸಿಕ್ಕಾಗಲೆಲ್ಲ ಅವರು ಹೊಸ ಸಿನಿಮಾದ ಮಾತು ತೆಗೆಯುತ್ತಿದ್ದರು, ನನ್ನ ಪ್ರಶ್ನೆ ಹಿಂದೆ ಬೀಳುತ್ತಿತ್ತು. ಈಗ ಜೊತೆಗೆ ಕೂತು ನೆನಪಿಸಿಕೊಳ್ಳಲು ನನ್ನ ಹೆಂಡತಿಯೂ ಇಲ್ಲ. ಮೊಮ್ಮಗಳಿಗೆ ಹೇಳಿದೆ. "ಆ ಸಿನಿಮಾ ಫೋನಲ್ಲಿ ಸಿಗುತ್ತಾ ತಾತ?" ಅಂದಳು. ಹುಡುಕಿದಳು, ಸಿಗಲಿಲ್ಲ.

ಟೀಚರ, ಕಂಪೌಂಡರ ಮದುವೆ ದುರ್ಗದ ನೋಂದಣಿ ಕಚೇರಿಯಲ್ಲಿ ಆಯಿತು. ಅಣ್ಣ ಬರಲಿಲ್ಲ. ಮುಂದೆ ಕಂಪೌಂಡರಿಗೆ ಹಿರಿಯೂರಿಗೆ ವರ್ಗವಾಗಿ ಇಬ್ಬರೂ ಅಲ್ಲೇ ಸಂಸಾರ ಹೂಡಿದರು. ಕಂಪೌಂಡರು ಮೊದಲು ಹೋದರು. ಟೀಚರು ಹೋದ ವರ್ಷ ತೀರಿಕೊಂಡರು.